ಕುಂಟಿ ಗಳಿಸಿದ ಸೀಟು

ನನ್ನ ಮೊಣಕಾಲಿನ ಕೀಲು ಬದಲಿಸಿ ಐದು ತಿಂಗಳಾಗಿತ್ತು. ಹೊಸ ಮೊಣಕಾಲು ತಣ್ಣಗಿತ್ತು. ಕುಂಡಿಯ ಸ್ನಾಯು ಮಾತ್ರ ಕೂತರೆ ಸಾಕು, ಚೀರುತ್ತಿತ್ತು. ದೇಶಪಾಂಡೆ ನಗರದ ಫಿಜಿಯೋಥೆರಪಿ ಮೇಡಂ ನನ್ನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು.

"ಮೊಣಕಾಲು ಛಲೋ ಆಗೇತ್ರಿ. ಮತ್ತ್ಯಾಕ ಕುಂಟಾಕತ್ತೀರಿ? ಕುಂಟಿದಷ್ಟೂ ಭಾರ ಎಲ್ಲಾ ಸೊಂಟ, ಕುಂಡಿ ಮ್ಯಾಲೆ ಬೀಳ್ತೈತಿ. ನೋವು ಅದಕ್ಕ."

"ರೂಢಿರಿ ಮೇಡಂ," ಎಂದೆ.

"ಖರೇ ಹೇಳ್ರಿ ಕಾಕಾ."

ಹೇಳಿದೆ. ದಿನಾ ಧಾರವಾಡದ ಆಫೀಸಿಗೆ ಹೋಗುವ ಬಸ್ಸನ್ನು ಕುಂಟುತ್ತ ಹತ್ತಿದರೆ ಸೀಟು ಖಾತ್ರಿ. ನಂಬಿದರೆ ನಂಬಿ, ಒಮ್ಮೆ ಎಂಬತ್ತರ ಅಜ್ಜನೇ ಎದ್ದು ಜಾಗ ಬಿಟ್ಟಿದ್ದ. ನಾನೇ ಅವನಿಗೆ ಆಶೀರ್ವಾದ ಮಾಡಿ ಕೂತಿದ್ದೆ.

ಮೇಡಂ ಹಣೆ ಬಡಿದುಕೊಂಡರು. "ಸೀಟು ಸಿಗಲಿ ಅಂತ ಕುಂಟಿ, ಸೀಟಿನ ಮ್ಯಾಲೆ ಕುಂಡ್ರಾಕ ಬರದಂಗ ಮಾಡಿಕೊಂಡ್ರಲ್ರಿ!"

ಅವರು ಹೇಳಿದಂತೆ ದಿನಾ ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿದೆ, ನೆಟ್ಟಗೆ ನಡೆದೆ. ನೋವು ಮೆಲ್ಲಗೆ ಹೋಯಿತು. ಬಸ್ಸು ಹತ್ತಿದಾಗ ಪರಿಚಯದ ಕಂಡಕ್ಟರ್ ಖುಷಿಯಿಂದ ಕೂಗಿದ: "ಕಾಕಾ, ಕಾಲು ನೆಟ್ಟಗಾತಲ್ರಿ! ಹಂಗಾರ ಹಿಂದಕ್ಕ ಸರದು ನಿಂದರ್ರಿ."

ಈಗ ನನ್ನ ಕುಂಡಿ ಎಷ್ಟು ತಾಸು ಬೇಕಾದರೂ ಕೂರಲು ತಯಾರಿದೆ. ಧಾರವಾಡದವರೆಗೆ ನಿಂತೇ ಹೋಗುತ್ತೇನೆ.