ತನಗೆ ತಾನೇ ಮೇಟ್ರನ್

ಹಾಪೈ ದ್ವೀಪಗಳ ಆಸ್ಪತ್ರೆಗೆ ಎರಡು ವರ್ಷದಿಂದ ನರ್ಸುಗಳನ್ನು ನೋಡಿಕೊಳ್ಳುವ ಮೇಟ್ರನ್ ಇರಲಿಲ್ಲ. ಹಾಗಾಗಿ ನರ್ಸ್ ಸೆಮಿಸಿ ತನ್ನ ಮೇಲೆ ತಾನೇ ಮೇಟ್ರನ್‌ಗಿರಿ ಮಾಡುತ್ತಿದ್ದ. ಒಂದು ಶುಕ್ರವಾರ ಬೆಳಿಗ್ಗೆ ಮನೆಯ ಕನ್ನಡಿ ಮುಂದೆ ನಿಂತು, "ಏನಯ್ಯಾ ಸೆಮಿಸಿ, ಇದೇನು ಅಂಗಿ, ದನ ಅಗಿದು ಉಗಿದ ಹಾಗಿದೆ?" ಅಂತ ಗದರಿದ. ಆಮೇಲೆ ತಾನೇ ತಲೆ ತಗ್ಗಿಸಿ ಇಸ್ತ್ರಿ ಹಾಕಿಕೊಂಡ. ಅವನ ವಾರ್ಡಿನಲ್ಲಿ ಒಂದು ಮಾತ್ರೆಯೂ ತಡವಾಗಿದ್ದಿಲ್ಲ.

ಹೆಂಡತಿ ಲೋಸೆಗೆ ಬೇಕಾಗಿದ್ದು ಇಷ್ಟೇ, ಒಂದು ಭಾನುವಾರ ಚರ್ಚಿನಲ್ಲಿ ಗಂಡ ಪಕ್ಕದಲ್ಲಿ ಕೂರಬೇಕು.

"ನಿಮ್ಮ ಮೇಟ್ರನ್ನಮ್ಮನ್ನ ರಜೆ ಕೇಳ್ರೀ," ಅಂದಳು.

ಅವನು ಕನ್ನಡಿಯನ್ನು ಕೇಳಿ ಬಂದ. "ಮೂರನೇ ಮಂಚದ ಅಜ್ಜನ ಗಾಯ ಒಣಗ್ಲಿ ಅಂತಾರೆ ಕಣೇ."

"ಆಯಮ್ಮಂಗೆ ಗಂಡ ಇಲ್ವೇನ್ರೀ?"

"ಇಲ್ಲ. ಅದಕ್ಕೇ ಅಷ್ಟು ಸಿಡುಕು."

ಲೋಸೆ ಸೌಟು ಎತ್ತಿದಳು. ಅವನು ಕನ್ನಡಿಯ ಹತ್ತಿರ ಇನ್ನೊಮ್ಮೆ ಹೋಗಿ, "ಈ ಭಾನುವಾರ ಮಂಜೂರು," ಅಂದ.

ಮರುದಿನ ಶನಿವಾರ ವಾರ್ಡಿನಲ್ಲಿ ಎದೆ ಹಿಡಿದುಕೊಂಡು ಕೂತ ಸೆಮಿಸಿ ಮತ್ತೆ ಏಳಲಿಲ್ಲ. ಮೂರನೇ ಮಂಚದ ಅಜ್ಜ ಕೆಲವು ದಿನಕ್ಕೆ ಗುಣವಾಗಿ ಮನೆಗೆ ಹೋದ.

ಹೊರದ್ವೀಪಗಳಿಂದ ಬಂದು ಆಸ್ಪತ್ರೆಯಲ್ಲಿ ನೆಂಟರಿಲ್ಲದೆ ಮಲಗಿದವರಿಗೆ ಅಂತ ಲೋಸೆ ಮೊದಲಿಂದಲೂ ಕೆಸುಗೆಡ್ಡೆ ಬೇಯಿಸಿ ಗಂಡನ ಕೈಲಿ ಕಳಿಸುತ್ತಿದ್ದಳು. ಈಗಲೂ ದಿನಾ ಬೆಳಿಗ್ಗೆ ಬೇಯಿಸುತ್ತಾಳೆ. ವಾರ್ಡಿಗೆ ತಾನೇ ಹೊತ್ತುಕೊಂಡು ಹೋಗುತ್ತಾಳೆ.