ಒಳಗೆ ಎದ್ದ ಗಾಳಿ

ಅಕ್ಕಿಆಲೂರಿನ ಮನೆಯಲ್ಲಿ ನಮ್ಮ ಯಜಮಾನರು ಊಟಕ್ಕೆ ಕುಳಿತಿದ್ದಾಗ, ರೊಟ್ಟಿ ಮುರಿಯುತ್ತಿದ್ದ ಬಲಗೈ ನಿಂತೇಬಿಟ್ಟಿತು. ಬಾಯಿ ಒಂದು ಬದಿಗೆ ಜೋತು, ಪಲ್ಯದ ಎಣ್ಣೆ ಗದ್ದಕ್ಕಿಳಿಯಿತು. ಏನೋ ಹೇಳಲು ಹೋದರು. ಗಂಟಲ ಸದ್ದಷ್ಟೇ ಬಂತು.

ಹಾನಗಲ್ಲಿನಿಂದ ಬಂದ ಡಾಕ್ಟರು, ರಕ್ತದೊತ್ತಡ ಏರಿ ಮಿದುಳಿಗೆ ಪೆಟ್ಟಾಗಿದೆ, ಕಾದು ನೋಡಬೇಕು ಎಂದು ಹೋದರು.

"ಲಕ್ವಾ ಅದು. ಗಾಳಿ ಬಡದೈತಿ," ಎಂದರು ಅತ್ತೆ. ಕಿಟಕಿ ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿ, ಮಂಚದ ಕೆಳಗೆ ಕೆಂಡ ಇಟ್ಟರು. ಕಂಬಳಿಯೊಳಗೆ ಯಜಮಾನರ ಮುಖ ಕೆಂಪೇರುತ್ತಿತ್ತು. ಹಣೆಯ ನರ ಹಾರುವುದನ್ನು ನೋಡುತ್ತ ಕುಳಿತೆ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೆ ಹೊಲಿಗೆ ಕಲಿಸಿದ್ದ ಸಿಸ್ಟರ್ ಸುದ್ದಿ ಕೇಳಿ ಬಂದರು. ಹಿಂದೆ ಚೀನಾದಲ್ಲಿ ರೋಗಿಗಳ ಆರೈಕೆ ಮಾಡಿಕೊಂಡಿದ್ದವರು. ನಾಡಿ ಹಿಡಿದು, "ಬಿಗಿದ ತಂತಿಯ ಹಾಗಿದೆ," ಎಂದರು. "ಅಲ್ಲಿಯ ವೈದ್ಯರೂ ಇದನ್ನು ಗಾಳಿಯ ಪೆಟ್ಟು ಎನ್ನುತ್ತಾರೆ. ಆದರೆ ಒಳಗೇ ಹುಟ್ಟಿದ ಗಾಳಿ. ಮೂತ್ರಪಿಂಡದ ನೀರು ಬತ್ತಿದರೆ ಯಕೃತ್ತಿನ ಬೆಂಕಿಗೆ ಅಂಕೆ ತಪ್ಪುತ್ತದಂತೆ. ಆ ಬೆಂಕಿಯಿಂದ ಎದ್ದ ಗಾಳಿ ತಲೆಗೇರುತ್ತದೆ. ಮೊದಲು ಕೆಂಡ ತೆಗೆಯಿರಿ."

"ಚೀನಾದವರು ಗಡಿ ಯುದ್ಧದಾಗ ನಮ್ಮ ಹುಡುಗೂರ್ನ ಕೊಂದು ಇನ್ನಾ ವರ್ಷ ತುಂಬಿಲ್ಲ. ಅವರ ಮದ್ದು ನನ್ನ ಮಗಗ ಬ್ಯಾಡ್ರಿ!"

"ಅತ್ತಿ, ನಿಮಗ ಕೈ ಮುಗೀತೀನ್ರಿ, ಕೆಂಡ ತೆಗೀರಿ."

"ಸಾಲಿ ಕಲ್ತಾಕಿ, ನೀನ ತೆಗಿ ಹಂಗಾರ. ಏನರ ಆದ್ರ ನಿನ್ನ ಕುಂಕುಮ ಹೊಕ್ಕೈತಿ, ನನ್ನ ಹೊಟ್ಟಿ ಉರೀತೈತಿ."

ಕೆಂಡ ಹೊರಗೆ ಹಾಕಿ ಕಿಟಕಿ ತೆರೆದೆ. ಅತ್ತೆ ಕಿಟಕಿಗೆ ಬೆನ್ನು ಕೊಟ್ಟು, ಮಗನಿಗೆ ಗಾಳಿ ತಾಗದಂತೆ ಸೆರಗು ಅಗಲಿಸಿ ಕುಳಿತರು.

"ಅಲ್ಲಿಯ ವೈದ್ಯರು ಇದಕ್ಕೆ ಸೂಜಿ ಚುಚ್ಚುವುದನ್ನು ಕಂಡಿದ್ದೇನೆ, ಕಲಿತಿಲ್ಲ," ಎಂದ ಸಿಸ್ಟರ್, ನನ್ನ ಹೆಬ್ಬೆರಳನ್ನು ಯಜಮಾನರ ಸ್ವಾಧೀನ ತಪ್ಪಿದ ಬಲಗಾಲಿನ ಅಂಗಾಲ ತಗ್ಗಿಗೆ ಒತ್ತಿಸಿದರು. ತಲೆಗೇರಿದ್ದನ್ನು ಕೆಳಗೆಳೆಯುವ ಜಾಗವಂತೆ. ನುಂಗಲು ಬಂದ ಮೇಲೆ ಸೇವಂತಿಗೆ ಹೂ ನೆನೆಸಿದ ಬಿಸಿನೀರು ಕೊಡು ಎಂದರು.

"ಏಳ್ತಾರೇನ್ರಿ ಸಿಸ್ಟರ್?"

"ಕೆಲವರು ಎದ್ದದ್ದು ಕಂಡಿದ್ದೇನೆ. ಕೆಲವರು ಏಳಲಿಲ್ಲ."

ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು.

ಬಸ್ಸು ಸಿಸ್ಟರನ್ನು ಕರೆದೊಯ್ದ ಮೇಲೆ ಆ ಕಾಲೇ ನನ್ನ ಲೋಕವಾಯಿತು. ಹಿಮ್ಮಡಿಯ ಬಿರುಕುಗಳು ಮಲಗಿ ಮಲಗಿ ಮೆತ್ತಗಾದವು. ಚಮಚೆಯಲ್ಲಿ ಕೊಟ್ಟ ಹೂವಿನ ನೀರು ಅರ್ಧ ದಿಂಬಿಗೇ ಹೋಗುತ್ತಿತ್ತು. ಮಾತು ಬರಲಿಲ್ಲ. ಕಣ್ಣು ಮಾತ್ರ ನನ್ನನ್ನು ಹಿಂಬಾಲಿಸುತ್ತಿತ್ತು.

ಒಂದು ಮಧ್ಯಾಹ್ನ ಒತ್ತುತ್ತಿರುವಾಗ ಆ ಕಾಲಿನ ಬೆರಳು ಮಡಚಿದಂತಾಯಿತು. ಕೂಗಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, ತಾವೇ ಒತ್ತಿ ನೋಡಿದರು. ಬೆರಳು ಅಲುಗಲಿಲ್ಲ.

"ನೀ ಒತ್ತ, ಯವ್ವಾ," ಎಂದರು. "ನಿನ್ನ ಕೈಗೆ ಗೊತ್ತೈತಿ."

ಒತ್ತಿದೆ. ಇಬ್ಬರೂ ಉಸಿರು ಹಿಡಿದು ಆ ಬೆರಳನ್ನೇ ನೋಡುತ್ತ ಕುಳಿತೆವು.