ಕೊನೆಯಿಲ್ಲದ ಪಟ್ಟಿಯ ಪ್ರಶ್ನೆ

ಅವರ ಬಿಳಿ ಅಂಗಿಯ ಎಡಗಂಕುಳ ಕೆಳಗೆ ಅಂಗೈಯಗಲದ ಒಂದು ಬೂದು ಕಲೆ ಸದಾ ಇರುತ್ತಿತ್ತು. ಎಷ್ಟು ಒಗೆದರೂ ಬಿಡದ ಆ ಕಲೆ, ಅವರು ಸುರುಳಿ ಸುತ್ತಿ ಅಲ್ಲಿ ಅವುಚಿಕೊಂಡು ತಿರುಗುತ್ತಿದ್ದ ಕಪ್ಪು ಬಟ್ಟೆಯ ಹಲಗೆಯದು. ಬಿ.ಎಡ್. ಓದುವವರು ಪಾಠದ ಅಭ್ಯಾಸಕ್ಕೆ ಒಯ್ಯುವಂಥ ಹಲಗೆ. ಬೆಳಿಗ್ಗೆ ಚಿಂತಾಮಣಿಯ ಒಂದು ಕಾಲೇಜು, ಮಧ್ಯಾಹ್ನ ಶಿಡ್ಲಘಟ್ಟದ ಇನ್ನೊಂದು. ಎರಡರಲ್ಲೂ ಅವರು ಅತಿಥಿ ಉಪನ್ಯಾಸಕರು. ನಡುವಿನ ಬಸ್ಸಿನಲ್ಲಿ ಕಂಡಕ್ಟರ್ ದಿನವೂ, “ಏಮಿ ಸಾರ್, ಸಿನಿಮಾ ಪೋಸ್ಟರಾ?” ಎಂದು ಕೆಣಕುತ್ತಿದ್ದ. “ಹೂಂ ಕಣಪ್ಪ, ಹೀರೋ ಇನ್ನೂ ಸಿಕ್ಕಿಲ್ಲ” ಎನ್ನುತ್ತ ಇವರು ಸೀಟು ಹುಡುಕುತ್ತಿದ್ದರು.

ನಾನು ಶಿಡ್ಲಘಟ್ಟದಲ್ಲಿ ಪದವಿ ಓದುವಾಗ ಅವರು ನಮಗೆ ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರು. ಪಠ್ಯದಲ್ಲಿದ್ದುದನ್ನು ವಾರದ ದಿನಗಳಲ್ಲಿ ಮುಗಿಸಿ, ಪಠ್ಯದಲ್ಲಿಲ್ಲದ ಒಂದನ್ನು ಭಾನುವಾರ ಕಾಲೇಜಿನ ಜಗಲಿಯಲ್ಲಿ ಹೇಳಿಕೊಡುತ್ತಿದ್ದರು. ಅದು ಫಂಕ್ಷನಲ್ ಪ್ರೋಗ್ರಾಮಿಂಗ್. ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆಯನ್ನು ಮುಂದೆ ಎಂದೂ ಬದಲಿಸದೆ, ಗಣಿತದ ಸಮೀಕರಣಗಳನ್ನು ಬರೆದಂತೆ ಪ್ರೋಗ್ರಾಂ ಬರೆಯುವ ಪದ್ಧತಿ. ಚಿಂತಾಮಣಿಯ ಬ್ರೌಸಿಂಗ್ ಸೆಂಟರಿನಲ್ಲಿ ಅವರು ಹೊರದೇಶಗಳ ಸಂಶೋಧನಾ ಪ್ರಬಂಧಗಳನ್ನು ಅಚ್ಚು ತೆಗೆಸಿಕೊಂಡು, ಬಸ್ಸಿನಲ್ಲಿ ಓದಿ, ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡು ಬರುತ್ತಿದ್ದರು. ಲ್ಯಾಬಿನಲ್ಲಿ ಕರೆಂಟು ಇರುತ್ತಿರಲಿಲ್ಲವಾದ್ದರಿಂದ ಹಲಗೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ಪ್ರೋಗ್ರಾಮನ್ನು ಸಾಲುಸಾಲಾಗಿ ನಮ್ಮ ಕೈಯಿಂದಲೇ ನಡೆಸುತ್ತಿದ್ದರು. “ಕಂಪ್ಯೂಟರ್ ಏನ್ ಮಾಡುತ್ತೆ? ನೀವ್ ಮಾಡೋ ತಪ್ಪನ್ನೇ ಬೇಗ ಮಾಡುತ್ತೆ. ಮೊದ್ಲು ನಿಧಾನಕ್ಕೆ ತಪ್ಪು ಮಾಡೋದ್ ಕಲೀರಿ, ಆಗ ಅದು ಕಣ್ಣಿಗೆ ಕಾಣುತ್ತೆ.”

ಬೇಕಾದಾಗ ಬೇಕಾದಷ್ಟನ್ನೇ ಲೆಕ್ಕ ಹಾಕುವ ಭಾಷೆಗಳಲ್ಲಿ ಕೊನೆಯೇ ಇಲ್ಲದ ಪಟ್ಟಿಯನ್ನೂ ಇಟ್ಟುಕೊಳ್ಳಬಹುದು ಎಂದು ಅವರು ಹೇಳಿದ ದಿನ ನಾವು ನಂಬಲಿಲ್ಲ. “ಯಾಕಮ್ಮ? ನಿಮ್ ಬೀದೀಲಿ ನೂಲು ತೆಗೆಯೋರು, ಗೂಡಲ್ಲಿ ಎಷ್ಟು ಎಳೆ ಇದೆ ಅಂತ ಮೊದ್ಲು ಅಳೆದು ಆಮೇಲೆ ರಾಟೆ ತಿರುಗಿಸ್ತಾರಾ? ಎಳೆದಷ್ಟು ಬರುತ್ತೆ, ಬಂದಷ್ಟು ಸುತ್ತುತಾರೆ.” ಇನ್ನೊಂದು ನಿಯಮವಿತ್ತು. ಯಾರಾದರೂ ಉತ್ತರದಲ್ಲಿ ‘ಎಲ್ಲ’ ಎಂಬ ಪದ ಬಳಸಿದರೆ ತಕ್ಷಣ ಸೀಮೆಸುಣ್ಣ ಕಸಿದುಕೊಂಡು, “ಹೋಗಿ ಒಂದ್ ಲೋಟ ನೀರು ಕುಡಿದು ಬಾ, ಆಮೇಲೂ ಬರೀಬೇಕು ಅನ್ಸಿದ್ರೆ ಬರಿ” ಎನ್ನುತ್ತಿದ್ದರು. ನಾವು ನಿಜವಾಗಿಯೂ ನಲ್ಲಿಯವರೆಗೆ ಹೋಗಿ ಬರುತ್ತಿದ್ದೆವು. ಹಿಂದಿರುಗುವಷ್ಟರಲ್ಲಿ ಹತ್ತರಲ್ಲಿ ಎಂಟು ಸಲ ನಮ್ಮ ವಾಕ್ಯ ಬಿದ್ದುಹೋಗಿರುತ್ತಿತ್ತು.

ಆ ಜಗಲಿಯಿಂದಲೇ ನಾನು ವಿಶ್ವವಿದ್ಯಾಲಯಕ್ಕೆ ಹೋದದ್ದು. ಸ್ನಾತಕೋತ್ತರ ಪದವಿಯ ಎರಡನೆಯ ವರ್ಷ, ಚಿಕ್ಕಬಳ್ಳಾಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ವಿಷಯದ ಇತ್ತೀಚಿನ ಸಂಶೋಧನೆಗಳ ಬಗ್ಗೆ ವಿಚಾರ ಸಂಕಿರಣ ಏರ್ಪಟ್ಟಿತು. ನನ್ನ ಪ್ರಬಂಧ ಆಯ್ಕೆಯಾಯಿತು. ಪ್ರೋಗ್ರಾಮಿನಲ್ಲಿ ಒಂದನ್ನೊಂದು ರದ್ದುಮಾಡುವ ಹೆಜ್ಜೆಗಳನ್ನು ಮೊದಲೇ ಕಿತ್ತುಹಾಕಬಹುದು ಎಂಬುದು ಅದರ ವಾದ. ಸರಳ ಉದಾಹರಣೆ: ಒಂದು ಪಟ್ಟಿಯನ್ನು ಹಿಂದುಮುಂದು ಮಾಡಿ, ಮತ್ತೆ ಹಿಂದುಮುಂದು ಮಾಡಿದರೆ ಮೊದಲಿನ ಪಟ್ಟಿಯೇ ಸಿಗುತ್ತದೆ, ಆದ್ದರಿಂದ ಎರಡೂ ಬೇಡ. ಇದು ‘ಎಲ್ಲ ಪಟ್ಟಿಗಳಿಗೂ’ ಅನ್ವಯಿಸುತ್ತದೆಂದು ಬರೆದೆ. ಮರೆತು ಬರೆದೆನೆಂದು ಹೇಳಿಕೊಳ್ಳಲು ಇಷ್ಟಪಡುತ್ತೇನೆ, ಅದು ಸುಳ್ಳು. ಹಿಂದುಮುಂದು ಮಾಡುವವನು ಕೊನೆಯ ಅಂಶದಿಂದ ಆರಂಭಿಸಬೇಕು. ಕೊನೆಯೇ ಇಲ್ಲದ ಪಟ್ಟಿಯಲ್ಲಿ ಅವನು ಅದನ್ನು ಹುಡುಕುತ್ತಲೇ ಉಳಿಯುತ್ತಾನೆ, ಉತ್ತರದ ಮೊದಲ ಅಂಶವೂ ಹೊರಬರುವುದಿಲ್ಲ. ಬರೆಯುವಾಗ ಇದು ನನಗೆ ಹೊಳೆದಿತ್ತು. ‘ಕೆಲವು ಪಟ್ಟಿಗಳಿಗೆ’ ಎಂದರೆ ಪ್ರಬಂಧ ಸಣ್ಣದಾಗಿ ಕಾಣುತ್ತಿತ್ತು, ಅಷ್ಟೇ.

ಸಂಕಿರಣದ ದಿನ ಮೇಷ್ಟ್ರೂ ಬಂದರು. ಬಾಗಿಲಲ್ಲಿ ಸ್ವಯಂಸೇವಕನೊಬ್ಬ ತಡೆದ. “ಅಂಕಲ್, ಬ್ಯಾನರ್ ಎಲ್ಲಾ ಒಳಗಡೆ ಬಿಡಲ್ಲ.” “ಬ್ಯಾನರ್ ಅಲ್ಲ ಕಣಪ್ಪ, ಬೋರ್ಡು” ಎಂದು ಅವರು ಬಿಚ್ಚಿ ತೋರಿಸಲು ಹೋದರು. ಅವನು ನಕ್ಕು, ಅದನ್ನು ಅಲ್ಲಿಟ್ಟು ಹೋಗಿ ಎಂಬಂತೆ ಕಾವಲುಗಾರನ ಕುರ್ಚಿಯತ್ತ ಕೈ ತೋರಿಸಿದ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ‘ಅವರು ನನ್ನ ಗುರುಗಳು’ ಎನ್ನಲು ಮೂರು ಪದ ಸಾಕಿತ್ತು. ನಾನು ಕೈಯಲ್ಲಿದ್ದ ಹಾಳೆಗಳನ್ನು ತಿರುವಿದೆ.

ನನ್ನ ಮಂಡನೆ ಮುಗಿದು ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಅವರು ಎದ್ದರು. ತರಗತಿಯಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು ಆ ಸಭೆಯಲ್ಲಿ ಬಹುವಚನ ಬಳಸಿದರು.

“ಚೆನ್ನಾಗ್ ಹೇಳಿದ್ರಮ್ಮ. ಒಂದೇ ಮಾತು. ಪಟ್ಟಿಗೆ ಕೊನೇನೇ ಇಲ್ಲ ಅಂದ್ರೆ?”

ಕನ್ನಡ ಕೇಳಿದ್ದೇ ತಡ, ಸಭೆಯಲ್ಲಿ ಸಣ್ಣ ನಗೆ ಎದ್ದಿತು. “ಯಾವ್ ಪಟ್ಟಿ ಸಾರ್, ರೇಷನ್ ಅಂಗಡೀದಾ?” ಎಂದು ಯಾರೋ ಕೂಗಿದರು. ನಗೆ ದೊಡ್ಡದಾಯಿತು. ಅವರೂ ನಕ್ಕರು. “ಅದಕ್ಕೆ ಕೊನೆ ಇದೆ ಕಣಪ್ಪ, ಸಂಜೆ ಬಾಗಿಲು ಹಾಕ್ತಾರಲ್ಲ. ನಾನ್ ಕೇಳ್ತಿರೋದು ನಿಜವಾಗ್ಲೂ ಕೊನೆ ಇಲ್ದಿರೋದು.”

ಅಧ್ಯಕ್ಷರಾಗಿದ್ದ ಪ್ರಾಧ್ಯಾಪಕರು ಗಡಿಯಾರ ನೋಡಿಕೊಂಡು ನನ್ನತ್ತ ಬಾಗಿ, ಇವರು ಕೇಳುತ್ತಿರುವುದು ವಿಷಯಕ್ಕೆ ಸಂಬಂಧಿಸಿದ್ದೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಇಡೀ ಸಭೆಯಲ್ಲಿ ಅದಕ್ಕೆ ಸರಿಯಾದ ಉತ್ತರ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬಳಾದ ನಾನು, ಮೈಕಿನಲ್ಲಿ, ಇಂಗ್ಲಿಷಿನಲ್ಲಿ, “ಇಲ್ಲ, ಸಂಬಂಧವಿಲ್ಲ” ಎಂದೆ. ಅಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಮೇಷ್ಟ್ರು ಪಕ್ಕದವರಿಗೆ ತೊಂದರೆಯಾಗದಂತೆ ಮೆಲ್ಲಗೆ ಕುಳಿತರು.

ಊಟದ ಹೊತ್ತಿಗೆ ಅವರೇ ನನ್ನನ್ನು ಹುಡುಕಿಕೊಂಡು ಬಂದರು. “ಗಾಬರಿ ಆಯ್ತೇನಮ್ಮ? ನಂದೇ ತಪ್ಪು. ಹಿಂಗೆ ಊಟದಲ್ಲಿ ಕೇಳ್ಬೇಕಿತ್ತು, ಎಲ್ರ ಮುಂದೆ ಕೇಳ್ಬಿಟ್ಟೆ.” ಕ್ಷಮೆ ಕೇಳಿದವರು ಅವರು. ಆಮೇಲೆ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದುಕೊಟ್ಟರು. ಅದರಲ್ಲಿ ನನ್ನ ಪ್ರಮೇಯವನ್ನು ಕೆಡಿಸುವ ಉದಾಹರಣೆಯೂ, ಅದನ್ನು ಉಳಿಸುವ ಒಂದೇ ಒಂದು ಸಾಲೂ ಇದ್ದವು: ಪಟ್ಟಿಗೆ ಕೊನೆ ಇದ್ದಾಗ ಮಾತ್ರ. “ಅಚ್ಚಾಗೋಕ್ ಮುಂಚೆ ಇದನ್ನ ಸೇರ್ಸಿಬಿಡು. ಕೆಲಸ ಒಳ್ಳೇದೇ ಮಾಡಿದೀಯ, ಇದೊಂದಿದ್ರೆ ಯಾರೂ ಅಲ್ಲಾಡ್ಸಕ್ಕಾಗಲ್ಲ.”

“ಸೇರಿಸ್ತೀನಿ ಸಾರ್” ಎಂದೆ.

ಸಂಜೆ ನನ್ನ ಪ್ರಬಂಧಕ್ಕೆ ಬಹುಮಾನ ಬಂತು. ತಿದ್ದುಪಡಿಗೆ ಎರಡು ವಾರ ಕಾಲಾವಕಾಶವಿತ್ತು. ಆ ಸಾಲನ್ನು ಸೇರಿಸಿದರೆ, ಸಂಬಂಧವಿಲ್ಲವೆಂದು ನಾನು ತಳ್ಳಿದ ಪ್ರಶ್ನೆಯೇ ಸಂಕಿರಣದ ಅತ್ಯಂತ ಸಂಬಂಧಪಟ್ಟ ಪ್ರಶ್ನೆಯಾಗುತ್ತಿತ್ತು. ಸೇರಿಸಲಿಲ್ಲ. ಸಂಕಿರಣದ ಪ್ರಬಂಧಗಳ ಪುಸ್ತಕ ಅಚ್ಚಾಯಿತು. ಅದನ್ನು ತೋರಿಸಿಯೇ ನನಗೆ ಸಂಶೋಧನೆಗೆ ಪ್ರವೇಶ ಸಿಕ್ಕಿತು.

ಅವರಿಗೆ ಸಿಕ್ಕಿದ್ದೇನೆಂಬುದು ತಿಳಿದದ್ದು ಮಾರನೆಯ ವರ್ಷ, ಅದೇ ಜಗಲಿಯ ಪಾಠ ಕೇಳಿದ್ದ ಕಿರಿಯ ವಿದ್ಯಾರ್ಥಿನಿಯಿಂದ. “ಭಾನುವಾರದ ಕ್ಲಾಸ್ ನಿಲ್ಲಿಸ್ಬಿಟ್ರು ಅಕ್ಕ. ಚಿಕ್ಕಬಳ್ಳಾಪುರದಲ್ಲಿ ಏನೇನೋ ಕೇಳಿ ಕಾಲೇಜಿನ ಮರ್ಯಾದೆ ಕಳೆದ್ರಂತೆ, ಪ್ರಿನ್ಸಿಪಾಲ್ರು ಗೇಟಿನ ಬೀಗದ ಕೈ ವಾಪಸ್ ಇಸ್ಕೊಂಡ್ರು. ನೀವೊಂದ್ ಮಾತು ಹೇಳಿ ಅಕ್ಕ, ನಿಮ್ಗೆ ಪ್ರೈಜ್ ಬಂದಿದೆಯಲ್ಲ, ನಿಮ್ ಮಾತು ಕೇಳ್ತಾರೆ.” ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಬಹುದಿತ್ತು. ಆ ಪತ್ರದಲ್ಲಿ ನಿಜ ಬರೆಯಬೇಕಾಗುತ್ತಿತ್ತು. ನಾನು ಬರೆಯಲಿಲ್ಲ.

ವಿಶ್ವವಿದ್ಯಾಲಯಗಳನ್ನು ನಾನು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ವರ್ಷಗಟ್ಟಲೆ ಪಾಠ ಮಾಡಿದವರು ಯಾವ ನ್ಯಾಯದಿಂದ ಇನ್ನೂ ಅತಿಥಿಗಳು? ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಕನ್ನಡದ ಪ್ರಶ್ನೆ ನಗೆಪಾಟಲಾಗುವುದಾದರೆ ಆ ಸಭೆ ಯಾರದು? ತಪ್ಪು ಪ್ರಮೇಯ ಅಚ್ಚಾಗಿದೆಯೆಂದು ಲೇಖಕಿಯಾದ ನಾನೇ ತಡವಾಗಿ ಬರೆದು ತಿಳಿಸಿದರೂ ಸಂಘಟಕರು ಈವರೆಗೆ ಉತ್ತರಿಸಿಲ್ಲ ಏಕೆ? ಇವನ್ನೆಲ್ಲ ಕೇಳುತ್ತೇನೆ, ಬಿಡುವುದಿಲ್ಲ. ಆದರೆ ಕಟಕಟೆಯಲ್ಲಿ ಮೊದಲು ನಿಲ್ಲಬೇಕಾದವಳು ನಾನು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ: ಆ ಪ್ರಬಂಧದ ಮುಖ್ಯ ಪ್ರಮೇಯ ತಪ್ಪು. ಅದು ಕೊನೆಯಿರುವ ಪಟ್ಟಿಗಳಿಗೆ ಮಾತ್ರ ನಿಜ. ಇದನ್ನು ಕಂಡುಹಿಡಿದವರು, ಕೇಳಿದವರು, ತಿದ್ದಿಕೊಟ್ಟವರು ನನ್ನ ಮೇಷ್ಟ್ರು.

ಅವರು ಕಾಮಾಲೆಯಿಂದ ತೀರಿಕೊಂಡ ಸುದ್ದಿ ನನಗೆ ತಲುಪುವ ವೇಳೆಗೆ ಮೂರು ತಿಂಗಳಾಗಿತ್ತು. ಅವರ ಊರಾದ ಸಾದಲಿಗೆ ಹೋದೆ. ಬುದ್ಧನ ಪಟವಿದ್ದ ಮುಂಗೋಣೆಯಲ್ಲಿ ಅವರ ಪತ್ನಿ, ಅಲ್ಲಿನ ಅಂಗನವಾಡಿ ಶಿಕ್ಷಕಿ, ಚಾಪೆ ಹಾಸಿ ಕೂರಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಹೊಸದೇನೂ ಇರಲಿಲ್ಲ.

“ಗೊತ್ತಮ್ಮ. ‘ಹುಡುಗಿ ಹೆದರ್ಕೊಂಡ್ಳು, ಪುಸ್ತಕದಲ್ಲಿ ಸರಿ ಮಾಡ್ತಾಳೆ’ ಅಂತಿದ್ರು. ಪುಸ್ತಕ ಬಂದ ದಿನ ಪೂರ್ತಿ ಓದಿದ್ರು. ಆಮೇಲೆ ಆ ಮಾತು ಎತ್ತಲಿಲ್ಲ.”

ಇದನ್ನೆಲ್ಲ ಬರೆದು ಅವರ ಹೆಸರು ಹಾಕಿ ಅಚ್ಚು ಮಾಡಿಸುತ್ತೇನೆ, ಒಪ್ಪಿಗೆ ಕೊಡಿ ಎಂದು ಕೇಳಿಕೊಂಡೆ.

“ಬರೀರಿ. ಹೆಸರು ಮಾತ್ರ ಬೇಡಮ್ಮ. ಹಾಕಿದ್ರೆ ನಿಮ್ ಮನಸ್ಸು ಹಗುರ ಆಗುತ್ತೆ, ಅವ್ರಿಗೇನಾಗುತ್ತೆ? ಹೇಳ್ಬೇಕಾದಾಗ ಮೈಕು ನಿಮ್ ಕೈಲೇ ಇತ್ತಲ್ಲ.”

ಆದ್ದರಿಂದ ಈ ಬರಹದಲ್ಲಿ ಅವರ ಹೆಸರಿಲ್ಲ. ತಪ್ಪು ಮಾಡಿದವಳ ಹೆಸರು ಮಾತ್ರ ಆ ಸಂಕಿರಣದ ಪುಸ್ತಕದಲ್ಲಿ ಅಚ್ಚಾಗಿದೆ.